ಮಲಗಿದರೆ ವಿಮೆ, ನಡೆದಾಡಿದರೆ ಜೇಬು

ವಿಮೆ ಮಾಡಿಸಿದವರು ಆಸ್ಪತ್ರೆ ಬಿಲ್ಲಿನ ಒಂದು ಪಾಲನ್ನು ತಾವೇ ಕಟ್ಟಬೇಕೆಂಬ ಷರತ್ತಿಗೆ ಕೋ-ಪೇ ಎಂದು ಹೆಸರು. 2020ರ ಏಪ್ರಿಲ್‌ನಿಂದ ಆರೋಗ್ಯ ವಿಮಾ ಕಂಪನಿಗಳು ಒಂದೇ ಮಾದರಿಯಲ್ಲಿ ಮಾರುತ್ತಿರುವ ‘ಆರೋಗ್ಯ ಸಂಜೀವನಿ’ ಪಾಲಿಸಿಯಲ್ಲಿ ಈ ಪಾಲು ಶೇ 5. ಹಿರಿಯ ನಾಗರಿಕರ ಕೆಲವು ಪಾಲಿಸಿಗಳಲ್ಲಿ ಶೇ 20, ಶೇ 30 ಕೂಡ ಇದೆ. ಬಿಟ್ಟಿ ಸಿಕ್ಕಿದರೆ ಜನ ಬೇಕಾದ್ದಕ್ಕೂ ಬೇಡದ್ದಕ್ಕೂ ಆಸ್ಪತ್ರೆಗೆ ಓಡುತ್ತಾರೆ, ಸ್ವಲ್ಪ ಕೈಯಿಂದ ಹೋದರೆ ಯೋಚಿಸಿ ಹೋಗುತ್ತಾರೆ ಎನ್ನುವುದು ಇದರ ಹಿಂದಿನ ತರ್ಕ. ಅಮೆರಿಕದ ಅರ್ಥಶಾಸ್ತ್ರಜ್ಞ ಮಾರ್ಕ್ ಪೌಲಿ 1968ರಲ್ಲಿ ಇದನ್ನು ಸಿದ್ಧಾಂತದ ರೂಪದಲ್ಲಿ ಮಂಡಿಸಿದರು.

ಈ ತರ್ಕ ನಿಲ್ಲಬೇಕಾದರೆ ಖರ್ಚು ಮಾಡುವವನಿಗೆ ಆಯ್ಕೆ ಇರಬೇಕು. ಬಿಪಿ, ಶುಗರ್ ಇರುವವರು ಯಾವ ಮಾತ್ರೆ, ಎಷ್ಟು ಹೊತ್ತು, ಎಷ್ಟು ವರ್ಷ ಎಂಬುದನ್ನು ತಾವು ನಿರ್ಧರಿಸುವುದಿಲ್ಲ. ಬರೆಯುವವರು ವೈದ್ಯರು, ಬೆಲೆ ಕಟ್ಟುವುದು ಕಂಪನಿ, ದುಡ್ಡು ಕೊಡುವುದು ರೋಗಿ. ಅವರ ಕೈಯಲ್ಲಿ ಉಳಿದಿರುವ ಆಯ್ಕೆ ಒಂದೇ: ಮಾತ್ರೆ ನುಂಗುವುದು ಅಥವಾ ಬಿಡುವುದು.

ಭಾರತದ ಬಹುಪಾಲು ಆರೋಗ್ಯ ವಿಮೆ ಈ ಮಾತ್ರೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಲವು ಡೇ-ಕೇರ್ ಚಿಕಿತ್ಸೆಗಳನ್ನು ಬಿಟ್ಟರೆ, ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲಿ ದಾಖಲಾದವರಿಗಷ್ಟೇ ಹಣ. ಆರೋಗ್ಯ ಸಂಜೀವನಿಯಲ್ಲಿ ದಾಖಲಾಗುವ ಮೊದಲಿನ 30 ದಿನ, ಬಿಡುಗಡೆಯ ನಂತರದ 60 ದಿನಗಳ ಔಷಧಿ ಖರ್ಚು ಸಿಗುತ್ತದೆ. 61ನೆಯ ದಿನದಿಂದ ಮಾತ್ರೆಯ ಕೋ-ಪೇ ನೂರಕ್ಕೆ ನೂರು.

ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳಲ್ಲಿ ವಿಮೆ ಹೊಸ ಮಾತಲ್ಲ. ಸಹಕಾರಿಗಳಿಗಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯ ರೂವಾರಿ ಡಾ. ದೇವಿ ಶೆಟ್ಟಿ ಮೂಡುಬಿದಿರೆಗೆ ಸಮೀಪದ ಕಿನ್ನಿಗೋಳಿಯವರು. 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದಿಂದ ಆರಂಭವಾದ ಗ್ರಾಮಾಭಿವೃದ್ಧಿ ಯೋಜನೆ 2004ರಲ್ಲಿ ಸ್ವಸಹಾಯ ಸಂಘದ ಕುಟುಂಬಗಳಿಗೆ ‘ಸಂಪೂರ್ಣ ಸುರಕ್ಷಾ’ ತಂದಿತು. ಈ ಎರಡೂ ಯೋಜನೆಗಳು ಎಷ್ಟೋ ಮನೆಗಳನ್ನು ಆಪರೇಷನ್ನಿನ ಸಾಲದಿಂದ ಉಳಿಸಿವೆ. ಆದರೆ ಎರಡರ ಲಕ್ಷ್ಯವೂ ಮುಖ್ಯವಾಗಿ ಆಸ್ಪತ್ರೆಯ ಮಂಚದ ಮೇಲೆ. ತಿಂಗಳ ಔಷಧಿ ಚೀಟಿ ಅಲ್ಲಿಯೂ ಹೊರಗೇ ಉಳಿಯಿತು.

2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕತೆಯೂ ಇದೇ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಸರ್ಕಾರಿ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ 1.5 ಲಕ್ಷ ರೂಪಾಯಿ ಮೀರದಂತೆ. ಅಂದರೆ ಎಪಿಎಲ್ ಕಾರ್ಡಿನವರ ಕೋ-ಪೇ ಕನಿಷ್ಠ ಶೇ 70. ಅರ್ಧ ಎಕರೆ ಅಡಿಕೆ ತೋಟವಿದ್ದು, ಮನೆಯಲ್ಲೊಂದು ಕಾರಿದೆ ಎಂಬ ಕಾರಣಕ್ಕೆ ಕಾರ್ಡಿನ ಬಣ್ಣ ಬದಲಾದವರಿಗೆ ಇಷ್ಟು ದೊಡ್ಡ ಪಾಲು ಹೊರಿಸಿ ಅದನ್ನು ರಕ್ಷಣೆ ಎಂದು ಕರೆಯುವುದು ಮಾತಿನ ಜಾಣ್ಮೆಯಷ್ಟೇ.

ಲೆಕ್ಕ ಹಾಕಿ ನೋಡಿದರೆ ವಿಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ಒಂದು ಮನೆಯಲ್ಲಿ ಗಂಡ ಹೆಂಡತಿಯ ಬಿಪಿ, ಶುಗರ್, ಕೊಲೆಸ್ಟರಾಲ್ ಮಾತ್ರೆಗಳಿಗೆ ತಿಂಗಳಿಗೆ 1,200 ರೂಪಾಯಿ ಆಗುತ್ತದೆ ಎಂದುಕೊಳ್ಳೋಣ. ವರ್ಷಕ್ಕೆ 14,400 ರೂಪಾಯಿ, ವಿಮೆಯಿಂದ ಚಿಕ್ಕಾಸೂ ಇಲ್ಲ. ಅವರೇ ಮಾತ್ರೆ ಬಿಟ್ಟು, ಹೃದಯಾಘಾತವಾಗಿ ಮಂಗಳೂರಿನಲ್ಲಿ ಒಂದೂವರೆ ಲಕ್ಷದ ಸ್ಟೆಂಟ್ ಹಾಕಿಸಿಕೊಂಡರೆ ಶೇ 5ರ ಕೋ-ಪೇ 7,500 ರೂಪಾಯಿ. ಕಾಯಿಲೆ ತಡೆದವನಿಗೆ ದಂಡ ಹೆಚ್ಚು, ಬರಲು ಬಿಟ್ಟವನಿಗೆ ಕಡಿಮೆ. ಯಾವ ರೋಗಿಯೂ ಹೀಗೆ ಲೆಕ್ಕ ಹಾಕಿ ಮಾತ್ರೆ ಬಿಡುವುದಿಲ್ಲ, ನಿಜ. ಅಡಿಕೆ ಕೊಯ್ಲಿಗೆ ಇನ್ನೂ ಎರಡು ತಿಂಗಳಿರುವಾಗ, ಮಕ್ಕಳ ಶಾಲೆಯ ಫೀಸು ಎದುರಿಗೆ ನಿಂತಾಗ, ದಿನಕ್ಕೆರಡು ಬರೆದದ್ದನ್ನು ಒಂದಕ್ಕೆ ಇಳಿಸುತ್ತಾರೆ. ಸೋರುವ ಮಾಡಿಗೆ ಹೆಂಚು ಹೊದಿಸಲು ಕೊಡದವರು, ಗೋಡೆ ಬಿದ್ದ ಮೇಲೆ ಮನೆ ಕಟ್ಟಲು ಕೊಡುವ ಲೆಕ್ಕ ಇದು.

ಹೊರದೇಶಗಳ ಅನುಭವವೂ ಕೋ-ಪೇ ಪರವಾಗಿಲ್ಲ. ಅಮೆರಿಕದ ರ‍್ಯಾಂಡ್ ಸಂಸ್ಥೆ 1970ರ ದಶಕದಲ್ಲಿ ಆರಂಭಿಸಿದ ದೊಡ್ಡ ಪ್ರಯೋಗದಲ್ಲಿ, ಕೈಯಿಂದ ಕೊಡಬೇಕಾದಾಗ ಜನ ಅನಗತ್ಯ ಚಿಕಿತ್ಸೆಯ ಜೊತೆಗೆ ಅಗತ್ಯ ಚಿಕಿತ್ಸೆಯನ್ನೂ ಕಡಿಮೆ ಮಾಡಿದರು. 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಹೃದಯಾಘಾತವಾದವರಿಗೆ ಔಷಧಿಯ ಕೋ-ಪೇ ಪೂರ್ತಿ ತೆಗೆದಾಗ ಮಾತ್ರೆ ತಪ್ಪದೆ ತೆಗೆದುಕೊಳ್ಳುವವರು ಹೆಚ್ಚಾದರು, ಒಟ್ಟು ವೆಚ್ಚ ಏರಲಿಲ್ಲ. ವೇಲ್ಸ್ 2007ರಲ್ಲಿ, ಸ್ಕಾಟ್ಲೆಂಡ್ 2011ರಲ್ಲಿ ಔಷಧಿ ಚೀಟಿಯ ಶುಲ್ಕವನ್ನೇ ರದ್ದು ಮಾಡಿದವು.

ಇಷ್ಟು ದೂರ ಹೋಗಬೇಕಿಲ್ಲ. ಇಲ್ಲಿಯ ಇಎಸ್‌ಐ ಯೋಜನೆಯಲ್ಲಿ ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದ ನೌಕರ ಶೇ 0.75, ಮಾಲೀಕ ಶೇ 3.25 ಕಟ್ಟುತ್ತಾರೆ, ಹೊರರೋಗಿಯ ಔಷಧಿಗೂ ಕೋ-ಪೇ ಇಲ್ಲ. ಆದರೆ ತೋಟದ ಕೂಲಿಯವರು, ರಿಕ್ಷಾ ಚಾಲಕರು, ಪೇಟೆಯ ಸಣ್ಣ ಅಂಗಡಿಯವರು ಈ ಬಲೆಯೊಳಗಿಲ್ಲ. ಬಂಟ್ವಾಳ, ಬೆಳ್ತಂಗಡಿಯ ಸಾವಿರಾರು ಮನೆಗಳ ಆಸರೆಯಾದ ಬೀಡಿ ಕೆಲಸದವರಿಗೆ 1976ರ ಕಾಯ್ದೆಯ ಕಲ್ಯಾಣ ನಿಧಿ ಇತ್ತು. ಅದಕ್ಕೆ ಹಣ ತರುತ್ತಿದ್ದ ಬೀಡಿ ಸೆಸ್ 2017ರಲ್ಲಿ ಜಿಎಸ್‌ಟಿ ಬಂದಾಗ ಹೋಯಿತು.

ಬೆಲೆ ನಿಯಂತ್ರಣವೂ ಅರ್ಧಂಬರ್ಧ. 2022ರ ಅಗತ್ಯ ಔಷಧಿಗಳ ಪಟ್ಟಿಯಲ್ಲಿ 384 ಔಷಧಿಗಳಿವೆ. ಮೆಟ್‌ಫಾರ್ಮಿನ್, ಅಮ್ಲೋಡಿಪಿನ್, ಇನ್ಸುಲಿನ್ ಅದರಲ್ಲಿವೆ. ಇವುಗಳ ಗರಿಷ್ಠ ಬೆಲೆಯನ್ನು 2013ರ ಆದೇಶದಂತೆ ಮಾರುಕಟ್ಟೆ ದರದ ಸರಾಸರಿಗೆ ಅಂಗಡಿಯವನ ಶೇ 16 ಲಾಭ ಸೇರಿಸಿ ನಿಗದಿ ಮಾಡುತ್ತಾರೆ. ತಯಾರಿಸಲು ಎಷ್ಟು ಬಿತ್ತು ಎಂಬ ಪ್ರಶ್ನೆ ಅಲ್ಲಿಲ್ಲ. ಸಗಟು ಬೆಲೆ ಸೂಚ್ಯಂಕದ ನೆಪದಲ್ಲಿ 2022ರಲ್ಲಿ ಶೇ 10.77, 2023ರಲ್ಲಿ ಶೇ 12.12 ಏರಿಕೆಗೆ ಅವಕಾಶವಾಯಿತು. ಎರಡು ಮೂರು ಔಷಧಿ ಬೆರೆಸಿದ ಮಾತ್ರೆಗಳಲ್ಲಿ ಹೆಚ್ಚಿನವು ಪಟ್ಟಿಯ ಹೊರಗಿವೆ. ಪಟ್ಟಿಯ ಹೊರಗಿನವುಗಳ ಎಂಆರ್‌ಪಿಯನ್ನು ವರ್ಷಕ್ಕೆ ಶೇ 10ರವರೆಗೆ ಏರಿಸಬಹುದು. ವೈದ್ಯರು ಬ್ರ್ಯಾಂಡಿನ ಬದಲು ಜೆನೆರಿಕ್ ಹೆಸರಿನಲ್ಲೇ ಬರೆಯಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್ ಆರಂಭದಲ್ಲಿ ನಿಯಮ ತಂದು, ತಿಂಗಳು ಮುಗಿಯುವ ಮೊದಲೇ ತಡೆಹಿಡಿಯಿತು. 2025ರ ಸೆಪ್ಟೆಂಬರ್ 22ರಿಂದ ಬಹುತೇಕ ಔಷಧಿಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದದ್ದು ಒಳ್ಳೆಯದೇ. ಆದರೆ ತೆರಿಗೆ ಇಳಿದ ಮಾತ್ರಕ್ಕೆ ಬ್ರ್ಯಾಂಡಿನ ಬೆಲೆ ನ್ಯಾಯವಾಗುವುದಿಲ್ಲ.

ಈ ಎಲ್ಲದರ ನಡುವೆ ಕರ್ನಾಟಕದಲ್ಲಿ ಜಗಳ ನಡೆದದ್ದು ಅಂಗಡಿ ಎಲ್ಲಿರಬೇಕು ಎಂಬುದರ ಮೇಲೆ. ಸರ್ಕಾರಿ ಆಸ್ಪತ್ರೆಯ ಆವರಣದಲ್ಲಿರುವ, ಕೇಂದ್ರದ ಯೋಜನೆಯ ಅಗ್ಗದ ಜೆನೆರಿಕ್ ಔಷಧಿ ಅಂಗಡಿಗಳಾದ ಜನೌಷಧಿ ಕೇಂದ್ರಗಳನ್ನು ಮುಚ್ಚಲು ರಾಜ್ಯ ಸರ್ಕಾರ 2025ರ ಮೇ ತಿಂಗಳಲ್ಲಿ ಆದೇಶಿಸಿತು. ಔಷಧಿ ಉಚಿತವಾಗಿ ಕೊಡುವ ಕಡೆ ಮಾರುವ ಅಂಗಡಿ ಏಕೆ ಎಂಬುದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರ ವಾದ. ಬಡವರ ಅಗ್ಗದ ಔಷಧಿ ಕಿತ್ತುಕೊಂಡರು ಎಂಬುದು ಬಿಜೆಪಿಯ ವಾದ. ಹೈಕೋರ್ಟಿನ ಧಾರವಾಡ ಪೀಠ ಜುಲೈನಲ್ಲಿ ಆದೇಶಕ್ಕೆ ತಡೆ ನೀಡಿತು.

ತತ್ವದಲ್ಲಿ ಸರ್ಕಾರದ ಮಾತು ಸರಿ. ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿ ಒಂದು ರೂಪಾಯಿಯ ಮಾತ್ರೆಯನ್ನೂ ಕೊಳ್ಳುವಂತಾಗಬಾರದು. ಆದರೆ ಉಚಿತ ಔಷಧಿಯ ಕಪಾಟು ತುಂಬಿರುತ್ತದೆ ಎಂಬ ಖಾತರಿ ಮೊದಲು ಬರಬೇಕು, ಬೀಗ ಆಮೇಲೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡು ಐವಿ ದ್ರಾವಣದ ಗುಣಮಟ್ಟದ ಪ್ರಶ್ನೆ ಎದ್ದ ಮೇಲೆ, ರಾಜ್ಯದ ಔಷಧಿ ಖರೀದಿ ಮೊದಲು ಜನರ ನಂಬಿಕೆ ಗಳಿಸಬೇಕಿತ್ತು. ಬಿಜೆಪಿಯೂ ಒಂದು ಪ್ರಶ್ನೆಗೆ ಉತ್ತರಿಸಬೇಕು: ಅರ್ಧ ಬೆಲೆಯ ಅಂಗಡಿ ಇರಲಿ, ಕೇಂದ್ರದ ಐದು ಲಕ್ಷದ ವಿಮೆ ಏಕೆ ಆ ಅರ್ಧ ಬೆಲೆಯನ್ನೂ ಕೊಡುವುದಿಲ್ಲ?

ಮಾಡಬೇಕಾದದ್ದು ಕಷ್ಟದ್ದಲ್ಲ. ಬಿಪಿ, ಶುಗರ್, ಹೃದ್ರೋಗ, ಅಪಸ್ಮಾರ, ಮಾನಸಿಕ ಕಾಯಿಲೆಗಳ ಅಗತ್ಯ ಔಷಧಿಗಳನ್ನು ಕಾರ್ಡಿನ ಬಣ್ಣ ನೋಡದೆ, ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೇ ಮೂರು ತಿಂಗಳಿಗಾಗುವಷ್ಟು ಒಮ್ಮೆಗೇ ಕೊಡಬೇಕು. ಬೆಳ್ತಂಗಡಿ ತಾಲ್ಲೂಕಿನ ಮಲವಂತಿಗೆಯಿಂದಲೋ ಶಿರ್ಲಾಲಿನಿಂದಲೋ ಬರುವವರಿಗೆ ಬಸ್ಸಿನ ದುಡ್ಡು, ಹೋದ ದಿನದ ಕೂಲಿ ಕೂಡ ಕೋ-ಪೇಯೇ. ದಾಸ್ತಾನು ಮುಗಿದ ದಿನ ಹೊರಗಿನಿಂದ ಕೊಂಡ ಔಷಧಿಯ ಹಣವನ್ನು ಆರೋಗ್ಯ ಕರ್ನಾಟಕ ಭರಿಸಬೇಕು. ಖಾಸಗಿ ವೈದ್ಯರ ಚೀಟಿ ಹಿಡಿದು ಬರುವವರಿಗೆ ಜನೌಷಧಿ ಬೇಕೇ ಬೇಕು. ಅದು ಆಸ್ಪತ್ರೆಯ ಗೇಟಿನ ಹೊರಗಿದ್ದರೂ ನಡೆದೀತು.

ಪೋಲಾಗುತ್ತದೆ ಎಂಬ ಆಕ್ಷೇಪ ಆಪರೇಷನ್ನಿಗೂ ಸ್ಕ್ಯಾನಿಂಗಿಗೂ ಹೊಂದೀತು, ಇನ್ಸುಲಿನ್ನಿಗೆ ಹೊಂದುವುದಿಲ್ಲ. ಉಚಿತ ಎಂದು ಯಾರೂ ಎರಡು ಸೂಜಿ ಹೆಚ್ಚು ಚುಚ್ಚಿಕೊಳ್ಳುವುದಿಲ್ಲ. ಕೋ-ಪೇ ಇರಲೇಬೇಕೆಂದಾದರೆ ಅದಕ್ಕೆ ತಕ್ಕ ಜಾಗವೊಂದಿದೆ: ಅದೇ ಗುಣದ ಜೆನೆರಿಕ್ ಸಿಗುತ್ತಿದ್ದರೂ ದುಬಾರಿ ಬ್ರ್ಯಾಂಡೇ ಬೇಕೆನ್ನುವವರು ಬೆಲೆಯ ವ್ಯತ್ಯಾಸವನ್ನು ತಾವೇ ಕಟ್ಟಲಿ. ಅಲ್ಲಿ ಆಯ್ಕೆ ನಿಜವಾಗಿಯೂ ಇದೆ. ಆಯ್ಕೆಯೇ ಇಲ್ಲದ ಕಡೆ ವಸೂಲಾಗುವ ಕೋ-ಪೇ ಕಾಯಿಲೆಯ ಮೇಲಿನ ತೆರಿಗೆ.