ಮರದಿಂದ ಬಿದ್ದವರನ್ನು ಎತ್ತಿ ಕೂರಿಸಬೇಡಿ



ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ದಿನಗಳು ಸಮೀಪಿಸುತ್ತಿವೆ. ಮೈಲುತುತ್ತ, ಸುಣ್ಣಗಳ ದಾಸ್ತಾನಿನ ಬಗ್ಗೆ ಕಾರ್ಯದರ್ಶಿಯಾದ ನಾನು ಬರೆಯಬೇಕಾದ ಸಮಯವಿದು. ಆದರೆ ಈ ಸಲ ಔಷಧಿಯ ವಿಚಾರ ಬದಿಗಿಟ್ಟು, ಅದನ್ನು ಹೊಡೆಯಲು ಮರ ಹತ್ತುವವನ ಬೆನ್ನುಮೂಳೆಯ ವಿಚಾರ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ತೋಟದಲ್ಲಿ ಕೊನೆಗಾರನೊಬ್ಬ ಪಾಚಿಗಟ್ಟಿದ ಮರದಿಂದ ಜಾರಿ ಬಿದ್ದ. ಪ್ರಜ್ಞೆಯಿತ್ತು, ಮಾತನಾಡುತ್ತಿದ್ದ, ಕಾಲ್ಬೆರಳು ಆಡಿಸುತ್ತಿದ್ದ. ನಾನೇ ಮುಂದೆ ನಿಂತು ಎತ್ತಿ ಕೂರಿಸಿದೆ, ನೀರು ಕುಡಿಸಿದೆ. ಕಂಬಳಿಯ ಜೋಳಿಗೆಯಲ್ಲಿ ರಸ್ತೆಗೆ ಹೊತ್ತು ತಂದು, ಜೀಪಿನ ಹಿಂದಿನ ಸೀಟಿನಲ್ಲಿ ಕಾಲು ಮಡಿಸಿ ಮಲಗಿಸಿದೆವು. ಆಸ್ಪತ್ರೆ ತಲುಪುವಷ್ಟರಲ್ಲಿ ಅವನ ಕಾಲುಗಳು ಆಡುತ್ತಿರಲಿಲ್ಲ. ಬಿದ್ದ ಏಟಿಗೇ ಹೀಗಾಯಿತೋ, ಹೊತ್ತು ತಂದ ರೀತಿಯಿಂದ ಆಯಿತೋ ಹೇಳಲಾಗದು ಎಂದರು ವೈದ್ಯರು. ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಎತ್ತರದಿಂದ ಕಾಲೂರಿಯೋ ಕುಂಡೆಯೂರಿಯೋ ಬಿದ್ದಾಗ ಭಾರವೆಲ್ಲ ಬೆನ್ನುಮೂಳೆಯ ಮೇಲೆ ಬರುತ್ತದೆ. ಎದೆಯ ಭಾಗದ ಮಣಿಗಳಿಗೆ ಪಕ್ಕೆಲುಬುಗಳ ಬಿಗಿಯಿದೆ. ಸೊಂಟದ ಮಣಿಗಳು ಬಳುಕುತ್ತವೆ. ಇವೆರಡೂ ಕೂಡುವ ಜಾಗದಲ್ಲೇ ಮುರಿತ ಹೆಚ್ಚು. ಮಣಿಗಳ ನಡುವಿನ ಕೊಳವೆಯಲ್ಲಿ ಬೆನ್ನುಹುರಿ ಇಳಿಯುತ್ತದೆ. ಮುರಿದ ಮೂಳೆ ಕೂಡಬಲ್ಲದು. ತುಂಡಾದ ಬೆನ್ನುಹುರಿ ಮತ್ತೆ ಬೆಳೆಯುವುದಿಲ್ಲ. ಮೂಳೆ ಮುರಿದೂ ಹುರಿ ಉಳಿದಿರುವವನನ್ನು ನಾವು ಬಗ್ಗಿಸಿದರೆ, ಮುರಿದ ಚೂರು ಹುರಿಯನ್ನು ಒತ್ತಬಹುದು. ಕಾಲು ಆಡುತ್ತಿದೆ ಎಂಬುದು ಧೈರ್ಯದ ಮಾತಲ್ಲ, ಎಚ್ಚರಿಕೆಯ ಮಾತು.

ಆದುದರಿಂದ ಬಿದ್ದವರನ್ನು ಕೂರಿಸಬಾರದು, ನಿಲ್ಲಿಸಿ ನೋಡಬಾರದು. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ನೀರು, ಕಾಫಿ ಕೊಡಬಾರದು. ಉಸಿರಾಟ ಸರಿಯಿದೆಯೇ ನೋಡಿ, ಅವರು ಅಲುಗಾಡದಂತೆ ಒಬ್ಬರು ತಲೆಯನ್ನು ಎರಡೂ ಕೈಯಿಂದ ನೇರವಾಗಿ ಹಿಡಿದಿರಬೇಕು. 2008ರಿಂದ ನಮ್ಮ ರಾಜ್ಯದಲ್ಲಿ 108 ವಾಹನದ ಸೌಕರ್ಯವಿದೆ, ಕೂಡಲೇ ಕರೆಯಿರಿ. ಅದು ತೋಟದೊಳಗೆ ಬಾರದಿದ್ದರೆ ನಾಲ್ಕು ಜನ ಸೇರಿ, ತಲೆ, ಭುಜ, ಸೊಂಟ, ಕಾಲುಗಳನ್ನು ಮರದ ದಿಮ್ಮಿಯನ್ನು ಉರುಳಿಸುವಂತೆ ಒಟ್ಟಿಗೆ ಹೊರಳಿಸಿ, ಗಟ್ಟಿ ಹಲಗೆಯ ಮೇಲೆ ಮಲಗಿಸಿ, ಪಟ್ಟಿ ಕಟ್ಟಿ ಹೊರಬೇಕು. ಬಾಗಿಲ ಹಲಗೆಯಾದರೂ ಸರಿ, ಕಂಬಳಿಯ ಜೋಳಿಗೆ ಬೇಡ. ವಾಂತಿ ಬಂದರೆ ಕತ್ತನ್ನು ಮಾತ್ರ ತಿರುಗಿಸದೆ ಇಡೀ ಮೈಯನ್ನು ಒಂದೇ ಪಕ್ಕಕ್ಕೆ ಹೊರಳಿಸಬೇಕು. ಆಸ್ಪತ್ರೆಯಲ್ಲಿ ಹಲಗೆಯಿಂದ ಬೇಗ ಇಳಿಸಬೇಕು, ಇಲ್ಲವಾದರೆ ಬೆನ್ನಿಗೆ ಒತ್ತುಹುಣ್ಣು ಬರುತ್ತದೆ.

ಮೂಳೆ ಮುರಿತವನ್ನು ಎಕ್ಸ್‌ರೇ, ಸಿ.ಟಿ. ತೋರಿಸುತ್ತವೆ; ಹುರಿಯ ಸ್ಥಿತಿಗೆ ಎಂ.ಆರ್.ಐ. ಬೇಕು. ಹಿಮ್ಮಡಿಯ ಮೂಳೆಯೂ ಜೊತೆಗೇ ಮುರಿದಿರುವುದುಂಟು. ಹಿಮ್ಮಡಿ ನೋವೆಂದವರ ಬೆನ್ನನ್ನೂ ಪರೀಕ್ಷಿಸುವಂತೆ ಕೇಳಿಕೊಳ್ಳಿ.

ನಮ್ಮೂರಿನ ನಾಟಿ ವೈದ್ಯರ ಬಗ್ಗೆ ನನಗೆ ಅಗೌರವವಿಲ್ಲ. ಆದರೆ ಬಿದ್ದವನ ಬೆನ್ನಿಗೆ ಪರೀಕ್ಷೆಗೆ ಮುಂಚೆ ಎಣ್ಣೆ ಹಚ್ಚಿ ತಿಕ್ಕುವುದು, ಎಳೆದು ನೆಟಿಗೆ ತೆಗೆಯುವುದು ಅಪಾಯ. ಇದನ್ನು ಮುಲಾಜಿಲ್ಲದೆ ಹೇಳಲೇಬೇಕು.

ಬೆನ್ನುನೋವೆಲ್ಲವೂ ಇಂತಹುದಲ್ಲ. ಕಾಫಿ ಮೂಟೆ ಹೊತ್ತು, ಕಳೆ ಕಿತ್ತು ಬರುವ ಸಾಮಾನ್ಯ ಸೊಂಟನೋವು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಅದಕ್ಕೆ ದಿನಗಟ್ಟಲೆ ಮಲಗುವುದಕ್ಕಿಂತ ಆದಷ್ಟು ಓಡಾಡಿಕೊಂಡಿರುವುದೇ ಮೇಲು. ಅಂಗಡಿಯ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು. ಆದರೆ ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದಿ ಜೋಮು ಹಿಡಿದರೆ, ಕಾಲಿನ ಶಕ್ತಿ ಕುಗ್ಗಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಬೆನ್ನುನೋವಿನ ಜೊತೆ ಜ್ವರ, ತೂಕ ಇಳಿಕೆ ಇದ್ದರೆ ಬೆನ್ನುಮೂಳೆಯ ಕ್ಷಯವಿರಬಹುದು; ಅದಕ್ಕೆ ಔಷಧವಿದೆ, ತಡಮಾಡಬಾರದಷ್ಟೆ.

ಈಗ ಸಂಘದ ಪಾಲಿನ ಮಾತು. ನೆಲದ ಮೇಲೆ ನಿಂತೇ ಕೊಯ್ಯುವ, ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಮೇಲೆ ನೋಡಿ ನೋಡಿ ಕತ್ತು ನೋಯುತ್ತದೆ ಎಂಬ ದೂರು ನಿಜ. ಆದರೂ ಕತ್ತು ನೋವು ನಾಲ್ಕು ದಿನದ್ದು. ಮರಗಸಿಗೆ, ಮೆಣಸು ಕೊಯ್ಲಿಗೆ ಏಣಿ ಹತ್ತುವವರಿಗೆ ಸೊಂಟಪಟ್ಟಿ, ಹಗ್ಗ ಕೊಡುವುದು ಮಾಲೀಕರ ಹೊಣೆ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿ ಕಂತಿಗೆ, ಅಪಘಾತದ ಸಾವು ಅಥವಾ ಶಾಶ್ವತ ಪೂರ್ಣ ಅಂಗವಿಕಲತೆಗೆ 2 ಲಕ್ಷ ರೂಪಾಯಿ ಇದೆ. ನಮ್ಮ ಆಳುಗಳ ಕಂತನ್ನು ನಾವೇ ಕಟ್ಟಿದರೆ ಬಡವರಾಗುವುದಿಲ್ಲ.

ನನ್ನ ಸಲಹೆ ಇಷ್ಟೆ: ಸಂಘದ ಪ್ರತಿ ಶಾಖೆಯ ಗೋದಾಮಿನಲ್ಲಿ ತಕ್ಕಡಿಯ ಪಕ್ಕ ಪಟ್ಟಿಗಳಿರುವ ಒಂದು ಹೊರುವ ಹಲಗೆ ತೂಗುಹಾಕಿರಬೇಕು, ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ ಅದನ್ನು ಬಳಸುವ ಕ್ರಮವನ್ನು ಕೆಲಸಗಾರರಿಗೂ ನಮಗೂ ಕಲಿಸಬೇಕು. ಒಂದು ಮೂಟೆ ಅಡಿಕೆಯ ಬೆಲೆಯೂ ಆ ಹಲಗೆಗಾಗದು. ಮುಂದಿನ ಮಹಾಸಭೆಯಲ್ಲಿ ಇದನ್ನು ಮಂಡಿಸಲಿದ್ದೇನೆ. ಖರ್ಚಿನ ಪ್ರಶ್ನೆ ಎತ್ತುವವರು ಎತ್ತಲಿ. ಉತ್ತರವಾಗಿ ಅವರನ್ನು ನಮ್ಮ ಆ ಕೊನೆಗಾರನ ಮನೆಗೆ ಕರೆದೊಯ್ಯುತ್ತೇನೆ. ಅವನ ಹೆಂಡತಿ ಎರಡೆರಡು ಗಂಟೆಗೊಮ್ಮೆ, ರಾತ್ರಿಯೂ ಎದ್ದು, ಒತ್ತುಹುಣ್ಣಾಗದಂತೆ ಅವನನ್ನು ಮಗ್ಗುಲು ಬದಲಿಸಿ ಮಲಗಿಸುತ್ತಾಳೆ.

— ಕಾರ್ಯದರ್ಶಿ