ಖಾಲಿ ಬಿಟ್ಟ ಕಾಲಂ ಸೊನ್ನೆಯಲ್ಲ

ಮಹಾನಿರ್ದೇಶಕರು,
ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ,
ಹೊಸದಿಲ್ಲಿ ಇವರಿಗೆ

ಮಾನ್ಯರೇ,

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕುಂಭಾಶಿ ದಾಟಿದ ಮೇಲೆ, ಕೋಟ ಸಿಗುವ ಮೊದಲು ಬರುವ ಊರು ನಮ್ಮ ತೆಕ್ಕಟ್ಟೆ. ಮಂಗಳೂರು ವಿಮಾನ ನಿಲ್ದಾಣಕ್ಕೆ ಇಲ್ಲಿಂದ ಎರಡು ತಾಸು ಹಿಡಿಯುತ್ತದೆ; ಬೋರ್ಡಿನಲ್ಲಿ ಏನೇ ಬರೆದಿರಲಿ, ನಮಗದು ಬಜ್ಪೆ. ದುಬೈಯಲ್ಲೋ ಮಸ್ಕತ್ತಿನಲ್ಲೋ ದುಡಿಯುವ ಒಬ್ಬರಾದರೂ ಇಲ್ಲದ ಕೇರಿ ಈ ಭಾಗದಲ್ಲಿ ಸಿಗಲಿಕ್ಕಿಲ್ಲ. ಹಲಸಿನ ಹಪ್ಪಳದ ಪೆಟ್ಟಿಗೆಯನ್ನು ಕಾರಿನ ಡಿಕ್ಕಿಗೆ ತುಂಬಿ ನಡುರಾತ್ರಿ ಬಜ್ಪೆಗೆ ಹೊರಡುವುದು ಇಲ್ಲಿಯವರಿಗೆ ರೂಢಿಯ ಕೆಲಸ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಅಲ್ಲಿಯ ರನ್‌ವೇ ದಾಟಿ ಕಮರಿಗೆ ಬಿದ್ದು 158 ಜನ ಹೋದರು. ಅದಕ್ಕೆ ಬಿಡಿಭಾಗ ಕಾರಣವಲ್ಲ, ತಪ್ಪಿದ ಇಳಿಕೆಯನ್ನು ಕೈಬಿಡದೆ ಮುಂದುವರಿಸಿದ್ದು ಕಾರಣ ಎಂದು ತನಿಖೆ ಹೇಳಿತು. ಆದರೂ ಅಂದಿನಿಂದ ನಮ್ಮ ಕಡೆಯ ತಾಯಂದಿರು ಮಗನ ‘ಮುಟ್ಟಿದೆ’ ಎಂಬ ಫೋನು ಬರುವ ತನಕ ಕಣ್ಣು ಮುಚ್ಚುವುದಿಲ್ಲ.

ನಾನು ಆ ವಿಮಾನಗಳ ಹಿತ್ತಿಲಲ್ಲಿ ದುಡಿದವನು. ಇಪ್ಪತ್ತಾರು ವರ್ಷ, ಮೊದಲು ಬೆಂಗಳೂರಿನಲ್ಲಿ, ಆಮೇಲೆ ಕೊಲ್ಲಿಯಲ್ಲಿ, ಹ್ಯಾಂಗರಿನ ಪಕ್ಕದ ಕೋಣೆಯಲ್ಲಿ ಕೂತು ಬಿಡಿಭಾಗಗಳ ಲೆಕ್ಕ ಬರೆದೆ. ಸ್ಪ್ಯಾನರ್ ಹಿಡಿದವನಲ್ಲ. ನಮ್ಮ ವಿಭಾಗಕ್ಕೆ ಟೆಕ್ ರೆಕಾರ್ಡ್ಸ್ ಎಂದು ಹೆಸರು. ಊರಿನ ಮದುವೆ ಮನೆಗಳಲ್ಲಿ ನೆಂಟರು ನನ್ನನ್ನು ‘ವಿಮಾನದ ಶಾನುಭೋಗ’ ಎಂದು ಗೇಲಿ ಮಾಡುತ್ತಿದ್ದರು. ಗೇಲಿಯಾದರೂ ಇಷ್ಟು ಸರಿಯಾದ ಹೆಸರನ್ನು ಯಾವ ಕಂಪನಿಯೂ ನನ್ನ ಹುದ್ದೆಗೆ ಕೊಟ್ಟಿರಲಿಲ್ಲ.

ಪತ್ರ ಬರೆಯಲು ಕಾರಣ 2025ರ ಜುಲೈಯಲ್ಲಿ ರಾಯಿಟರ್ಸ್ ಹೊರಗೆ ಹಾಕಿದ ಸುದ್ದಿ. ಅದು ನಿಮ್ಮದೇ ಕಚೇರಿಯ ಕಾಗದದ ಸುದ್ದಿ. ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನ ಒಂದು ಏರ್‌ಬಸ್ ಎ320ರ ಎಂಜಿನ್ನಿನಲ್ಲಿ ಕೆಲವು ಭಾಗಗಳನ್ನು ಬದಲಿಸಬೇಕಿತ್ತು. ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ 2023ರಲ್ಲೇ ಆದೇಶ ಹೊರಡಿಸಿತ್ತು. ಗಡುವಿನೊಳಗೆ ಬದಲಾಗಲಿಲ್ಲ. ಗಡುವಿನೊಳಗೇ ಆಗಿದೆ ಎಂದು ತೋರಿಸಲು ಅಮೋಸ್ ಎಂಬ ಉಸ್ತುವಾರಿ ತಂತ್ರಾಂಶದ ದಾಖಲೆಗಳನ್ನು ತಿದ್ದಿರುವಂತೆ ಅಥವಾ ಖೋಟಾ ಮಾಡಿರುವಂತೆ ಕಾಣುತ್ತದೆ ಎಂದು ನಿಮ್ಮ ಕಚೇರಿ ಆ ವರ್ಷದ ಮಾರ್ಚ್‌ನಲ್ಲಿ ಬರೆದಿತ್ತು. ಕಂಪನಿ ತಪ್ಪು ಒಪ್ಪಿಕೊಂಡಿತು. ಉಸ್ತುವಾರಿ ತಂತ್ರಾಂಶದಲ್ಲಿ ದಾಖಲೆಗಳನ್ನು ವರ್ಗಾಯಿಸುವಾಗ ದಿನಾಂಕ ಕೈತಪ್ಪಿತು ಎಂದಿತು. ಒಬ್ಬರನ್ನು ಹುದ್ದೆಯಿಂದ ತೆಗೆದರು, ಒಬ್ಬರನ್ನು ಅಮಾನತಿನಲ್ಲಿಟ್ಟರು. ತಿದ್ದಿದ ಆಪಾದನೆಗೆ ಮಾತ್ರ ನೇರ ಉತ್ತರ ಬಂದದ್ದು ನಾನು ಓದಲಿಲ್ಲ.

ಸುದ್ದಿ ಓದಿದಾಗ ಸಿಟ್ಟು ಬರಲಿಲ್ಲ, ಹೊಟ್ಟೆಯೊಳಗೆ ತಣ್ಣಗಾಯಿತು. ಯಾಕೆಂದು ಹೇಳುತ್ತೇನೆ. ಅದಕ್ಕೆ ಮೊದಲು, ಇದು ಬಹಿರಂಗ ಪತ್ರವಾದ್ದರಿಂದ, ನಿಮಗೆ ಗೊತ್ತಿದ್ದದ್ದನ್ನೂ ಸ್ವಲ್ಪ ಹೇಳಬೇಕಾಗುತ್ತದೆ.

ಕುಂದಾಪುರದಿಂದ ಉಡುಪಿಗೆ ಹೋಗುವ ಲೋಕಲ್ ಬಸ್ಸು ಕೋಟೇಶ್ವರ, ಕುಂಭಾಶಿ, ತೆಕ್ಕಟ್ಟೆ, ಕೋಟ, ಸಾಲಿಗ್ರಾಮ ಎಂದು ಕೈ ತೋರಿಸಿದಲ್ಲೆಲ್ಲ ನಿಲ್ಲುತ್ತದೆ. ರಾತ್ರಿಯ ಬೆಂಗಳೂರು ಬಸ್ಸು ಅದಕ್ಕಿಂತ ಹತ್ತು ಪಾಲು ದೂರ ಓಡಿದರೂ ಬ್ರೇಕ್ ಲೈನರ್ ಯಾವುದರದ್ದು ಮೊದಲು ಸವೆಯುತ್ತದೆ ಎಂದು ಗ್ಯಾರೇಜಿನ ಹುಡುಗನೂ ಹೇಳಬಲ್ಲ. ವಿಮಾನದ್ದೂ ಅದೇ ಕಥೆ. ಕೆಲವು ಭಾಗಕ್ಕೆ ಹಾರಿದ ಗಂಟೆಯ ಲೆಕ್ಕ. ಕೆಲವಕ್ಕೆ ಏರಿ ಇಳಿದ ಲೆಕ್ಕ. ಇದಕ್ಕೆ ಸೈಕಲ್ ಎನ್ನುತ್ತೇವೆ. ಕೆಲವಕ್ಕೆ ಹಾರಲಿ ಬಿಡಲಿ, ಕ್ಯಾಲೆಂಡರಿನ ಲೆಕ್ಕ. ಎಂಜಿನ್ನಿನೊಳಗೆ ತಿರುಗುವ ಡಿಸ್ಕುಗಳಿಗೆ ಇಷ್ಟೇ ಸೈಕಲ್ ಎಂದು ಆಯುಸ್ಸು ಬರೆದಿರುತ್ತದೆ. ಅದು ಮುಗಿದ ದಿನ, ನೋಡಲಿಕ್ಕೆ ಹೊಸ ತಟ್ಟೆಯಂತೆ ಹೊಳೆಯುತ್ತಿದ್ದರೂ, ಬಿಚ್ಚಿ ಬಿಸಾಡಬೇಕು.

ಗಂಟೆ ಬೇರೆ, ಸೈಕಲ್ ಬೇರೆ ಎಂಬುದಕ್ಕೆ ನಮ್ಮ ಕರಾವಳಿಯವರಿಗೆ ಥಟ್ಟನೆ ಅರ್ಥವಾಗುವ ಪ್ರಕರಣ ಹವಾಯಿಯದ್ದು. 1988ರ ಏಪ್ರಿಲ್ 28ರಂದು ಅಲೋಹಾ ಏರ್‌ಲೈನ್ಸಿನ ಬೋಯಿಂಗ್ 737 ಒಂದರ ಮಾಡು ಆಕಾಶದಲ್ಲೇ ಹಾರಿಹೋಯಿತು. ಒಬ್ಬ ಗಗನಸಖಿ ತೀರಿಕೊಂಡರು. ಆ ವಿಮಾನ ಹಾರಿದ್ದು 35,496 ಗಂಟೆ. ಏರಿ ಇಳಿದದ್ದು 89,680 ಸಲ. ಭಾಗಿಸಿ ನೋಡಿ, ಒಂದು ಪ್ರಯಾಣಕ್ಕೆ ಸರಾಸರಿ 24 ನಿಮಿಷವೂ ಬೀಳುವುದಿಲ್ಲ. ದ್ವೀಪದಿಂದ ದ್ವೀಪಕ್ಕೆ ಲೋಕಲ್ ಬಸ್ಸಿನ ಹಾಗೆ ಓಡಾಡಿದ ವಿಮಾನ, ಸಾಲದ್ದಕ್ಕೆ ಹತ್ತೊಂಬತ್ತು ವರ್ಷ ಉಪ್ಪು ಗಾಳಿ. ಉಪ್ಪು ಗಾಳಿ ಏನು ಮಾಡುತ್ತದೆ ಎಂದು ನಮ್ಮ ಕಡಲ ಬದಿಯ ಮನೆಗಳ ಗೇಟಿನ ಸರಳುಗಳನ್ನು ನೋಡಿದವರಿಗೆ ವಿವರಿಸಬೇಕಿಲ್ಲ.

ಇನ್ನೊಂದು ತೊಡಕು, ಬಿಡಿಭಾಗಗಳು ಒಂದೇ ವಿಮಾನದಲ್ಲಿ ಹುಟ್ಟಿ ಅಲ್ಲೇ ಸಾಯುವುದಿಲ್ಲ. ಒಂದರಿಂದ ಬಿಚ್ಚುತ್ತಾರೆ, ಓವರ್‌ಹಾಲಿಗೆ ಕಳಿಸುತ್ತಾರೆ, ಬೇರೊಂದಕ್ಕೆ ಹಾಕುತ್ತಾರೆ. ತುರ್ತಿದ್ದರೆ ನಿಂತ ವಿಮಾನದಿಂದ ತೆಗೆದು ಹೊರಡುವ ವಿಮಾನಕ್ಕೆ ಹಾಕುವುದೂ ಉಂಟು. ಹ್ಯಾಂಗರಿನಲ್ಲಿ ಅದಕ್ಕೆ ರಾಬರಿ ಎಂದೇ ಹೆಸರು. ಭಾಗ ಎಲ್ಲಿಗೆ ಹೋದರೂ ಅದರ ಸೀರಿಯಲ್ ನಂಬರಿನ ಬೆನ್ನಿಗೆ ಹಳೆಯ ಲೆಕ್ಕ ಹೋಗಬೇಕು, ಜಾತಕ ಹೋದ ಹಾಗೆ. ಅಮೋಸ್ ಸ್ವಿಟ್ಜರ್ಲೆಂಡಿನದ್ದು, ಇಂಥದ್ದೇ ತಂತ್ರಾಂಶ ಮಾಡುವ ರಾಮ್ಕೋ ನಮ್ಮ ಪಕ್ಕದ ಚೆನ್ನೈಯದ್ದು. ಯಾವುದೇ ಆಗಲಿ, ಅವು ಮಾಡುವ ಮುಖ್ಯ ಕೆಲಸ ಕೂಡುವುದು. ಇಂದಿನ ಹಾರಾಟದ ಗಂಟೆ, ಸೈಕಲ್ ಕೊಟ್ಟರೆ ಆ ವಿಮಾನದಲ್ಲಿ ಕೂತ ಪ್ರತಿ ಸೀರಿಯಲ್ ನಂಬರಿಗೂ ಸೇರಿಸುತ್ತವೆ. ಕೂಡುವುದರಲ್ಲಿ ತಪ್ಪುವುದಿಲ್ಲ. ಯಾವುದಕ್ಕೆ ಕೂಡಬೇಕು, ಎಷ್ಟರಿಂದ ಶುರು ಮಾಡಬೇಕು ಎಂದು ಹೇಳಬೇಕಾದವರು ನಮ್ಮಂಥ ಶಾನುಭೋಗರು.

ಈಗ ನನ್ನ ಕಥೆ. ಎಲ್ಲಿ, ಯಾವ ಕಂಪನಿ ಎಂದು ಹೇಳುವುದಿಲ್ಲ. ಹಳೆಯ ತಂತ್ರಾಂಶ ಬಿಟ್ಟು ಹೊಸದಕ್ಕೆ ಹೋಗುವ ಕೆಲಸ ನಡೆದಿತ್ತು. ಸಾವಿರಾರು ಸಾಲುಗಳ ಎಕ್ಸೆಲ್ ಹಾಳೆಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುರಿದವು. ಮೂರು ವಾರ ಕಳೆದ ಮೇಲೆ, ರಾತ್ರಿ ಪಾಳಿಯಲ್ಲಿ, ಬೇರೇನೋ ಹುಡುಕುತ್ತ ಒಂದು ವಿಮಾನದ ಎಡಗಡೆ ಲ್ಯಾಂಡಿಂಗ್ ಗೇರಿನ ಪುಟ ತೆರೆದೆ. ಹೆಬ್ಬೆರಳು ಗಾತ್ರದ ಒಂದು ಪಿನ್ನಿನ ಎದುರು ‘ಹುಟ್ಟಿನಿಂದ ಈವರೆಗಿನ ಸೈಕಲ್’ ಎಂಬ ಕಾಲಂನಲ್ಲಿ 64 ಎಂದಿತ್ತು. ಅರವತ್ತನಾಲ್ಕು ಸಲ ಮಾತ್ರ ಇಳಿದ ಪಿನ್ನು! ಆ ಗೇರು ಓವರ್‌ಹಾಲಿನಿಂದ ಬಂದು ವರ್ಷಗಳಾಗಿದ್ದವು. ಕಬ್ಬಿಣದ ಕಪಾಟು ತೆರೆದು ಫೈಲು ತೆಗೆದೆ. ಪ್ಲಾಸ್ಟಿಕ್ ಕವರಿನೊಳಗೆ ಹಳದಿ ಟ್ಯಾಗು, ಅಂಚಿನಲ್ಲಿ ಯಾರದೋ ಗ್ರೀಸಿನ ಬೆರಳು, ನೀಲಿ ಶಾಯಿಯಲ್ಲಿ 31,460. ಹಳೆಯ ತಂತ್ರಾಂಶದಲ್ಲಿ ಆ ಕಾಲಂ ಖಾಲಿ ಇತ್ತು. ಸಂಖ್ಯೆಯನ್ನು ಪಕ್ಕದ ಷರಾ ಜಾಗದಲ್ಲಿ ಟೈಪ್ ಮಾಡಿದ್ದರು. ಹೊಸ ತಂತ್ರಾಂಶ ಖಾಲಿಯನ್ನು ಸೊನ್ನೆ ಎಂದು ಓದಿ ಅಲ್ಲಿಂದ ಶ್ರದ್ಧೆಯಿಂದ ಕೂಡುತ್ತ ಬಂದಿತ್ತು.

ಅಪಾಯವೇನೂ ಇರಲಿಲ್ಲ. ಆ ಪಿನ್ನಿನ ಆಯುಸ್ಸು 60,000. ಆದರೆ 58,000ದಲ್ಲಿದ್ದ ಪಿನ್ನಿನ ಕಾಲಂ ಖಾಲಿ ಇದ್ದಿದ್ದರೆ? ಬೆಳಗಾಗುವ ತನಕ ಕೂತು ಇನ್ನೂ ನಾಲ್ಕು ಖಾಲಿಗಳನ್ನು ಹುಡುಕಿದೆ. ಬೆಳಿಗ್ಗೆ ಮೇಲಿನವರಿಗೆ ತೋರಿಸಿದೆ. ಒಳ್ಳೆಯ ಮನುಷ್ಯ, ಕೂಗಾಡಲಿಲ್ಲ. “ಸರಿಪಡಿಸಿ. ಇವತ್ತಿನ ತಾರೀಖು ಬೇಡ, ವರ್ಗಾವಣೆಯ ದಿನದ್ದೇ ಹಾಕಿ. ಇಲ್ಲದಿದ್ದರೆ ಆಡಿಟಿನಲ್ಲಿ ಮೂರು ವಾರ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ” ಎಂದರು.

ನಾನು ಹಾಕಿದೆ.

ಸಂಖ್ಯೆ ಸರಿಯಾಯಿತು, ದಿನಾಂಕ ಸುಳ್ಳಾಯಿತು. ಯಾರಿಗೂ ಏನೂ ಆಗಲಿಲ್ಲ. ಆ ಮೂರು ವಾರ ಪರದೆಯ ಮೇಲಿಂದ ಅಳಿಸಿಹೋಯಿತು. ಅದರ ಜೊತೆಗೆ, ಬೇರೆ ವಿಮಾನಗಳ ಖಾಲಿ ಕಾಲಂಗಳನ್ನೂ ಒಮ್ಮೆ ನೋಡಿ ಎಂದು ಯಾರಾದರೂ ಹೇಳಬಹುದಾಗಿದ್ದ ಕಾರಣವೂ ಅಳಿಸಿಹೋಯಿತು. ನನ್ನನ್ನು ಈಗಲೂ ಕೊರೆಯುವುದು ಈ ಎರಡನೆಯದು. ಹಾಗಾಗಿ ನಿಮ್ಮ ಮಾರ್ಚ್ ತಿಂಗಳ ಪತ್ರದ ಸಾಲು ಓದಿದಾಗ ಆರೋಪಿಯ ಜಾಗದಲ್ಲಿ ನನಗೆ ಕಂಡದ್ದು ಪರಿಚಯದ ಮುಖ. ಆ ಪ್ರಕರಣದಲ್ಲಿ ನಿಜವಾಗಿ ಏನಾಯಿತೋ ನಾನು ಬಲ್ಲವನಲ್ಲ. ಅಂಥ ಬೆಳಗಿನ ಹೊತ್ತು ಹೇಗಿರುತ್ತದೆ ಎಂದು ಮಾತ್ರ ಬಲ್ಲೆ.

ದಾಖಲೆ ಸರಿ ಇದ್ದಾಗ ಅದರ ಬೆಲೆ ಯಾರಿಗೂ ತಿಳಿಯುವುದಿಲ್ಲ. 2025ರ ಜೂನ್ 12ರ ಅಹಮದಾಬಾದ್ ದುರಂತದ ಪ್ರಾಥಮಿಕ ವರದಿ ಬಂದಾಗ ಊರೆಲ್ಲ ಇಂಧನದ ಸ್ವಿಚ್ಚಿನ ಬಗ್ಗೆ ಮಾತಾಡುತ್ತಿತ್ತು. ನನ್ನ ಕಣ್ಣು ಹೋದದ್ದು ಆ ವಿಮಾನದ ಥ್ರಾಟಲ್ ಕಂಟ್ರೋಲ್ ಮಾಡ್ಯೂಲನ್ನು 2019ರಲ್ಲಿ ಒಮ್ಮೆ, 2023ರಲ್ಲಿ ಒಮ್ಮೆ ಬದಲಿಸಲಾಗಿತ್ತು, ಬದಲಿಸಿದ ಕಾರಣಕ್ಕೂ ಸ್ವಿಚ್ಚಿಗೂ ಸಂಬಂಧವಿರಲಿಲ್ಲ ಎಂಬ ಸಾಲಿನ ಮೇಲೆ. ದುರಂತದ ಕಾರಣ ಏನೆಂದು ತನಿಖೆ ಹೇಳಲಿ. ಆದರೆ ಆರು ವರ್ಷ ಹಿಂದಿನ ಒಂದು ಕೆಲಸ, ಅದರ ಕಾರಣದ ಸಮೇತ, ಬೇಕಾದಾಗ ಕೈಗೆ ಸಿಕ್ಕಿತಲ್ಲ. ಯಾರೋ ಒಬ್ಬ ಶಾನುಭೋಗ ಅಂದು ಷರಾ ಕಾಲಂ ತುಂಬಿದ್ದ.

ನಿಮ್ಮಲ್ಲಿ ಕೇಳುವುದು ದೊಡ್ಡದೇನಲ್ಲ. ಒಂದು ಕಂಪನಿ ತಂತ್ರಾಂಶ ಬದಲಿಸುವಾಗ, ಅಥವಾ ಎರಡು ಕಂಪನಿ ಒಂದಾಗಿ ಎರಡರ ಲೆಕ್ಕ ಒಂದೇ ಪುಸ್ತಕಕ್ಕೆ ಬರುವಾಗ (ಈಚೆಗೆ ನಮ್ಮಲ್ಲಿ ಇಂಥ ವಿಲೀನ ಕಡಿಮೆಯೇನಲ್ಲ), ಆಯುಸ್ಸು ಬರೆದ ಪ್ರತಿ ಭಾಗವನ್ನೂ ಮೂಲ ಕಾಗದದೊಡನೆ ಹೋಲಿಸಿದ ಮೇಲೆಯೇ ಹೊಸ ಲೆಕ್ಕಕ್ಕೆ ಒಪ್ಪಿಗೆ ಕೊಡಿ. ಹತ್ತರಲ್ಲಿ ಒಂದನ್ನು ನೋಡಿ ಅಕ್ಕಿ ಬೆಂದಿದೆ ಎನ್ನುವ ಪದ್ಧತಿ ಅನ್ನಕ್ಕೆ ಸರಿ, ಇದಕ್ಕಲ್ಲ. ಇತಿಹಾಸ ಗೊತ್ತಿಲ್ಲದ ಭಾಗ ಹಾಕಬಾರದು ಎಂಬ ನಿಯಮ ಕಾಗದದಲ್ಲಿ ಇದೆ. ಪರದೆಯೂ ಆ ನಿಯಮ ಕಲಿಯಲಿ: ಖಾಲಿ ಕಾಲಂ ಕಂಡರೆ ಸೊನ್ನೆ ಎಂದುಕೊಳ್ಳದೆ, ಈ ಭಾಗ ಹಾರಲು ಯೋಗ್ಯವಲ್ಲ ಎಂದು ಕೆಂಪು ತೋರಿಸಲಿ.

ದಿನಾಂಕದ ವಿಷಯದಲ್ಲಿ ಸ್ವಲ್ಪ ಜಗಳವನ್ನೇ ಆಡುತ್ತೇನೆ. ಕೆಲಸ ಮಾಡಿದ ದಿನ ಒಂದು, ಅದನ್ನು ಬರೆದ ದಿನ ಇನ್ನೊಂದು. ತಂತ್ರಾಂಶದ ಹೊಟ್ಟೆಯಲ್ಲಿ ಎರಡೂ ಇರುತ್ತವೆ. ನಿಮ್ಮ ಅಧಿಕಾರಿಗಳ ಮುಂದೆ ಬರುವ ಅಚ್ಚುಕಟ್ಟಾದ ಪ್ರಿಂಟಿನಲ್ಲಿ ಒಂದೇ ಇರುತ್ತದೆ. ಅವರು ಹ್ಯಾಂಗರಿಗೆ ಬಂದಾಗ ಮೊದಲು ಆ ಹೊಟ್ಟೆಯೊಳಗಿನ ಪಟ್ಟಿ ಕೇಳಲಿ, ಪ್ರಿಂಟನ್ನು ಆಮೇಲೆ. ತಡವಾಗಿ ಬರೆದು, ತಡವಾಯಿತು ಎಂದು ಒಪ್ಪಿಕೊಂಡವನಿಗೆ ನೋಟೀಸು ಕೊಡಬೇಡಿ. ಈಗ ನಡೆಯುತ್ತಿರುವುದು ತಿರುಗುಮುರುಗು: ನಿಜವಾದ ತಾರೀಖು ಹಾಕಿದವನು ಆಡಿಟಿನಲ್ಲಿ ಬೈಸಿಕೊಳ್ಳುತ್ತಾನೆ, ಹಳೆಯ ತಾರೀಖು ಹಾಕಿದವನು ಸಂಜೆ ಮನೆಗೆ ಹೋಗಿ ಚಹಾ ಕುಡಿಯುತ್ತಾನೆ. ನಾನು ಕುಡಿದಿದ್ದೇನೆ.

ಇದನ್ನೆಲ್ಲ ನೋಡಲು ಜನ ಎಲ್ಲಿದ್ದಾರೆ ಎಂದು ನೀವು ಕೇಳಬಹುದು. ನಿಮ್ಮ ಕಚೇರಿಯಲ್ಲಿ ಮಂಜೂರಾದ ಹುದ್ದೆಗಳ ಸುಮಾರು ಅರ್ಧ ಭರ್ತಿಯಾಗಿಲ್ಲ ಎಂದು ಸಂಸತ್ತಿನ ಸ್ಥಾಯಿ ಸಮಿತಿ 2025ರಲ್ಲಿ ಹೇಳಿತು. ಆ ಖಾಲಿಯನ್ನಾದರೂ ಯಾರೂ ಸೊನ್ನೆ ಎಂದು ಓದದಿರಲಿ.

ಪತ್ರದ ಜೊತೆ ನನ್ನ ಹಳೆಯ ನೋಟ್‌ಬುಕ್ಕಿನ ಒಂದು ಪುಟದ ಪ್ರತಿ ಇಟ್ಟಿದ್ದೇನೆ. ಅದರಲ್ಲಿ ಎರಡು ತಾರೀಖುಗಳಿವೆ. ಮೇಲಿನದು ನಾನು ತಂತ್ರಾಂಶದಲ್ಲಿ ಹಾಕಿದ್ದು, ಕೆಳಗಿನದು ನಿಜವಾಗಿ ಬರೆದ ದಿನದ್ದು. ಕಂಪನಿಯ ಹೆಸರಿರುವ ಕಡೆ ಬಿಳಿ ಕಾಗದ ಅಂಟಿಸಿ, ಪೇಟೆಯ ಅಂಗಡಿಯಲ್ಲಿ ಜೆರಾಕ್ಸ್ ತೆಗೆಸಿದೆ. ಅಂಗಡಿಯ ಹುಡುಗ ಹಾಳೆಯನ್ನು ಬೆಳಕಿಗೆ ಹಿಡಿದು, “ಹ್ವಾಯ್, ಈ ಜಾಗ ಖಾಲಿ ಇತ್ತಲೆ?” ಎಂದ.

“ಅಡ್ಡಿಲ್ಲೆ, ಅಲ್ಲೊಂದು ಹೆಸರಿತ್ತು ಅಂತ ಗೊತ್ತಾದ್ರೆ ಸಾಕು” ಎಂದು ದುಡ್ಡು ಕೊಟ್ಟು ಬಂದೆ.

ಇಂತು ತಮ್ಮ ವಿಶ್ವಾಸಿ,
ವಿಮಾನದ ಹಳೆಯ ಶಾನುಭೋಗ,
ತೆಕ್ಕಟ್ಟೆ