ಅಂತರಗಂಗೆ ಎಂದರೆ ಯಾವುದು?

ಸೊಲ್ಲಾಪುರ ರಸ್ತೆಯ ಯಾವುದಾದರೂ ಚಹಾದಂಗಡಿಯಲ್ಲಿ ಕುಳಿತು, ಜೋಳಕ್ಕೂ ಗೋವಿನಜೋಳಕ್ಕೂ ಏನು ಮಹಾ ವ್ಯತ್ಯಾಸ ಎಂದು ಕೇಳಿ ನೋಡಿ. ತಿಕೋಟಾ, ಬಬಲೇಶ್ವರ ಕಡೆಯ ರೈತರು ನಿಮ್ಮನ್ನು ಕನಿಕರದಿಂದ ನೋಡುತ್ತಾರೆ: ‘ಯಾವ ಊರವರ್ರೀ ನೀವು?’ ಹೊಟ್ಟೆಯ ವಿಷಯದಲ್ಲಿ ಕನ್ನಡ ಅಷ್ಟು ನಿಖರ.

ಅದೇ ಕನ್ನಡ ಕೆರೆಯ ದಂಡೆಗೆ ಬಂದರೆ ಸಡಿಲವಾಗುತ್ತದೆ. ಎಲೆಕೋಸಿನ ಹಾಗೆ ನೀರಿಗಂಟಿ ಕೂರುವ ಪಿಸ್ಟಿಯಾ ಅಂತರಗಂಗೆ. ಉಬ್ಬಿದ ತೊಟ್ಟಿನ, ನೇರಳೆ ಹೂವಿನ, ದಕ್ಷಿಣ ಅಮೆರಿಕದಿಂದ ಬಂದ ವಾಟರ್ ಹಯಸಿಂತ್ ಕೂಡ ನಮ್ಮ ಪತ್ರಿಕೆಗಳಲ್ಲಿ ಅಂತರಗಂಗೆಯೇ. ಇದನ್ನು ಎತ್ತಿದರೆ ಸಾಹಿತ್ಯದ ಗೆಳೆಯರು ನಗುತ್ತಾರೆ: ‘ಇದೆಲ್ಲ ಸಸ್ಯಶಾಸ್ತ್ರದ ಮಡಿವಂತಿಕೆ. ಓದುಗನಿಗೆ ಹಸಿರು ಕಂಡರೆ ಸಾಕು.’

ಓದುಗನಿಗೆ ಸಾಕಿರಬಹುದು, ಮೂತಿಹುಳುವಿಗೆ ಸಾಲದು. 1983-84ರಲ್ಲಿ ಬೆಂಗಳೂರಿನ ಕೆರೆಗಳಿಗೆ ವಿಜ್ಞಾನಿಗಳು ನಿಯೋಕೆಟಿನಾ ಎಂಬ ಮೂತಿಹುಳುವನ್ನು ಬಿಟ್ಟರು. ಕಾಳಿನಷ್ಟು ಗಾತ್ರದ ಆ ಹುಳು ಹೆಬ್ಬಾಳ ಕೆರೆಯನ್ನು ಮುಚ್ಚಿದ್ದ ಹಯಸಿಂತನ್ನು ಕೆಲವೇ ವರ್ಷಗಳಲ್ಲಿ ಬಹುಮಟ್ಟಿಗೆ ಮುಗಿಸಿತು. ಅದನ್ನು ಆರಿಸಿದ್ದೇ ಅದು ಬೇರೆ ಬೆಳೆಗೆ ಬಾಯಿ ಹಾಕುವುದಿಲ್ಲ ಎಂಬ ಕಾರಣಕ್ಕೆ. ಪಿಸ್ಟಿಯಾ ತಿನ್ನುವ ಮೂತಿಹುಳುವೇ ಬೇರೆ. ‘ಅಂತರಗಂಗೆಗೆ ಹುಳು ಬಿಡಿ’ ಎಂದು ಬರೆದರೆ ಯಾವ ಹುಳು ಬಿಡಬೇಕು?

ಇದು ಬರಿಯ ತರ್ಕವಲ್ಲ. ಸಾಲ್ವೀನಿಯಾ ಎಂಬ ತೇಲುವ ಜರೀಗಿಡವನ್ನು ವಿಜ್ಞಾನಿಗಳೇ ಬಹುಕಾಲ ಅದರ ಸೋದರ ಜಾತಿಯೆಂದು ತಪ್ಪು ತಿಳಿದಿದ್ದರು. ಆ ಸೋದರ ಜಾತಿಯ ಮೇಲೆ ಸಿಕ್ಕ ಮೂತಿಹುಳುವನ್ನು ಆಫ್ರಿಕಾದಲ್ಲಿ ಬಿಟ್ಟಾಗ ಕಳೆ ಜಗ್ಗಲಿಲ್ಲ. 1972ರಲ್ಲಿ ಅದು ಬೇರೆಯೇ ಜಾತಿಯೆಂದು ಹೆಸರಿಟ್ಟ ಮೇಲೆ, ಅದರ ತವರಾದ ಆಗ್ನೇಯ ಬ್ರೆಜಿಲ್‌ನಲ್ಲಿ ಹುಡುಕಿ ಹುಳು ತಂದರು. 1980ರಲ್ಲಿ ಆಸ್ಟ್ರೇಲಿಯಾದ ಮೂಂಡರಾ ಜಲಾಶಯದಲ್ಲಿ ಬಿಟ್ಟಾಗ ಕಳೆ ಮಣಿಯಿತು. ಆ ಹುಳುವೂ ಹಳೆಯದಲ್ಲ, ಹೊಸ ಜಾತಿ ಎಂಬುದು 1985ರಲ್ಲಿ ದಾಖಲಾಯಿತು. ಮುಂದೆ ಅದೇ ಹುಳು ಕೇರಳದ ನೀರನ್ನೂ ತೆರವುಗೊಳಿಸಿತು. ಎರಡು ತಪ್ಪು ಹೆಸರುಗಳು ನುಂಗಿದ್ದು ವರ್ಷಗಟ್ಟಲೆ ಕಾಲವನ್ನು.

ವಿಜ್ಞಾನಿಗಳು ತಪ್ಪಿದರು, ತಿದ್ದಿಕೊಂಡರು. ನಾವು ಮಾತ್ರ ನಮ್ಮ ಅಸಡ್ಡೆಯನ್ನು ಶೈಲಿ ಎಂದು ಕರೆದುಕೊಳ್ಳುತ್ತೇವೆ. ನಮ್ಮ ಕಥೆಗಳಲ್ಲಿ ‘ಯಾವುದೋ ಹಕ್ಕಿ’ ಕೂಗುತ್ತದೆ, ‘ಹೆಸರಿಲ್ಲದ ಹೂವು’ ಅರಳುತ್ತದೆ. ಹೆಸರಿಲ್ಲದ್ದು ಹೂವಿಗಲ್ಲ, ಅದನ್ನು ಕೇಳಿ ತಿಳಿಯುವ ವ್ಯವಧಾನ ಲೇಖಕನಿಗಿಲ್ಲ.

ಲ್ಯಾಟಿನ್ ಹೆಸರು ತುರುಕಿ ಎನ್ನುತ್ತಿಲ್ಲ. ಕೆರೆಗೆ ಹೋಗಿ, ಬಲೆ ಹಾಕುವವರನ್ನು ಕೇಳಿ, ಎರಡು ಗಿಡಕ್ಕೆ ಎರಡು ಹೆಸರು ಬಳಸಿ. ಜೋಳಕ್ಕೆ ತೋರಿದ ಮರ್ಯಾದೆಯನ್ನು ಕನ್ನಡ ನೀರಿಗೂ ತೋರಲಿ.